ಬೇಸಿಗೆ ರಜೆಯಲ್ಲಿ ನಮ್ಮ ಮಕ್ಕಳನ್ನೂ ಲ್ಯಾಬಿಗೆ ಕಳಿಸಿ: ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಗೌರಿಬಿದನೂರು ತಾಲೂಕಿನವಳು, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿ ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಕೇಳುತ್ತಿರುವುದು ಇಷ್ಟೇ. ಪ್ರತಿ ಬೇಸಿಗೆ ರಜೆಯಲ್ಲಿ ನಮ್ಮ ಸರ್ಕಾರಿ ಹೈಸ್ಕೂಲು ಮಕ್ಕಳಲ್ಲಿ ಕೆಲವರನ್ನಾದರೂ ನಿಜವಾದ ಲ್ಯಾಬಿಗೆ ಕಳಿಸಿ. ಊಟ, ವಸತಿ, ಬಸ್ ಚಾರ್ಜು, ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಕಳಿಸಿ.

ನನ್ನ ದೊಡ್ಡ ಮಗಳು ಹತ್ತನೇ ಕ್ಲಾಸು. ನಮ್ಮನೆ ಕಿಟಕಿ ತುಂಬ ಅವಳ ನೀರಿನ ಬಾಟಲಿಗಳು. ಯಾರ ಬೋರ್‌ವೆಲ್, ಎಷ್ಟು ಅಡಿ ಅಂತ ಒಂದೊಂದರ ಮೇಲೂ ಸ್ಕೆಚ್ ಪೆನ್ನಲ್ಲಿ ಬರೆದಿದ್ದಾಳೆ. ಆಳಕ್ಕೆ ಹೋದಷ್ಟೂ ನೀರಲ್ಲಿ ಫ್ಲೋರೈಡ್ (ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸೋದು) ಜಾಸ್ತಿ ಆಗತ್ತಾ ಅನ್ನೋದು ಅವಳ ಪ್ರಶ್ನೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಓದಿಕೊಂಡಿದ್ದಾಳೆ. ಅಳೆಯೋದು ಎಲ್ಲಿ? ಶಾಲೆಯ ಲ್ಯಾಬ್ ಅಂದರೆ ಒಂದು ಬೀರು. ಅದರ ಬೀಗದ ಕೈ ವರ್ಗವಾಗಿ ಹೋದ ಮೇಷ್ಟ್ರ ಹತ್ತಿರ ಇದೆಯಂತೆ.

ಇಸ್ರೋದವರು 2019ರಲ್ಲಿ ಯುವಿಕಾ ಅಂತ, ಶಾಲೆ ಮಕ್ಕಳಿಗೆ ಬಾಹ್ಯಾಕಾಶ ವಿಜ್ಞಾನ ಹೇಳಿಕೊಡುವ ಬೇಸಿಗೆ ಕಾರ್ಯಕ್ರಮ ಶುರುಮಾಡಿದರು. ಒಂಬತ್ತನೇ ಕ್ಲಾಸಿನವರಿಗೆ ಮಾತ್ರ. ಹಳ್ಳಿ ಶಾಲೆ ಮಕ್ಕಳಿಗೆ ಆಯ್ಕೆಯಲ್ಲಿ ಹೆಚ್ಚುವರಿ ಅಂಕವೂ ಉಂಟು. ನಿಯಮ ನಿಮಗೆ ಗೊತ್ತೇ ಇರುತ್ತದೆ, ನಾನೇನು ಹೇಳಲಿ. ಆ ಸುತ್ತೋಲೆ ನಮ್ಮ ಮಕ್ಕಳ ಕೈಗೆ ಸಿಕ್ಕಿದ್ದು ಕೊನೇ ದಿನಾಂಕ ಮುಗಿದ ಮೇಲೆ. ಅರ್ಧ ದಿನದ ಕೂಲಿ ಬಿಟ್ಟು ಒಂದು ಕಚೇರಿಗೆ ಹೋಗಿ ಕೇಳಿದೆ. ಮೇಜಿನ ಹಿಂದೆ ಕೂತವರು ಮೊಬೈಲಿನಿಂದ ತಲೆ ಎತ್ತದೆ, "ಮೊದಲು ಎಸ್ಸೆಸ್ಸೆಲ್ಸಿ ಪಾಸಾಗಲಿ ಬಿಡಮ್ಮ, ರಾಕೆಟ್ ಆಮೇಲೆ ಬಿಡೋಣ" ಅಂದರು. ಪಕ್ಕದವರು ನಕ್ಕರು. ಮಗಳು ನನ್ನ ಜೊತೆಗೇ ಇದ್ದಳು ಸ್ವಾಮಿ. ಬಸ್ಸಿನಲ್ಲಿ ಮನೆ ತಲುಪುವವರೆಗೂ ಮಾತಾಡಲಿಲ್ಲ.

ನಮ್ಮ ತಾಲೂಕಿನಲ್ಲಿ ಏನಿಲ್ಲ ಹೇಳಿ? 1965ರಿಂದ ಭೂಕಂಪ ಅಳೆಯುವ ಕೇಂದ್ರ ಇಲ್ಲಿದೆ. ಸೂರ್ಯನಿಂದ ಬರುವ ರೇಡಿಯೋ ಅಲೆ ಹಿಡಿಯುವ ದೂರದರ್ಶಕ ಇಲ್ಲಿದೆ. ದೂರದ ವಿಜ್ಞಾನಿಗಳು ಅಲ್ಲಿಗೆ ಬಂದು ಹೋಗುತ್ತಾರೆ. ನಮ್ಮ ಮಕ್ಕಳು ಬೇಲಿ ಆಚೆ ನಿಂತು ನೋಡುತ್ತಾರೆ. ನೀವೊಂದು ಪತ್ರ ಬರೆದು ಮಾತಾಡಿದರೆ ರಜೆಯಲ್ಲಿ ನಾಲ್ಕು ಮಕ್ಕಳಿಗೆ ಅಲ್ಲಿ ಕೂರಲು ಜಾಗ ಸಿಗೋದಿಲ್ವಾ? ನಮ್ಮದೇ ತಾಲೂಕಿನ ಹೊಸೂರಿನ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಓದೋಕೆ ಬೆಂಗಳೂರಿಗೆ ನಡೆದುಕೊಂಡೇ ಹೋದರು ಅಂತ ವೇದಿಕೆ ಸಿಕ್ಕಿದಾಗೆಲ್ಲ ಹೇಳುತ್ತಾರೆ. ನಮ್ಮ ಮಕ್ಕಳೂ ನಡೆದುಕೊಂಡೇ ಹೋಗಬೇಕಾ?

ಇನ್ನೊಂದು ಮಾತು. ರಜೆ ಬಂದರೆ ನಮ್ಮ ಕಡೆ ಹೆಣ್ಣುಮಕ್ಕಳು ಹೂ ಬಿಡಿಸೋಕೆ ಹೋಗುತ್ತಾರೆ. ಆ ದುಡ್ಡಲ್ಲೇ ನೋಟ್‌ಬುಕ್ಕು, ಬ್ಯಾಗು. ಸುಮ್ನೆ ಒಂದು ತಿಂಗಳು ಕಳಿಸಿ ಅಂದರೆ ಯಾವ ತಾಯಿ ಕಳಿಸ್ತಾಳೆ? ಅದಕ್ಕೇ ಮಕ್ಕಳ ಕೈಗೂ ಒಂದಿಷ್ಟು ದುಡ್ಡು ಕೊಡಿ ಅನ್ನುತ್ತಿರುವುದು. ಯಾವ ನಿಧಿಯಿಂದ ಅನ್ನೋದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ವಿಜ್ಞಾನ ದಿನದ ಶಾಮಿಯಾನ, ಹಾರ, ಶಾಲುಗಳಿಗೆ ಹೇಗೋ ಹೊಂದುತ್ತದೆ ಅಲ್ವಾ, ಹಾಗೇ ಇದಕ್ಕೂ ಹೊಂದಿಸಿ.

ದೊಡ್ಡವಳಿಗೆ ಯುವಿಕಾ ತಪ್ಪಿಹೋಯಿತು. ಚಿಕ್ಕವಳು ಈಗ ಎಂಟನೇ ಕ್ಲಾಸು. ಮುಂದಿನ ಸಲ ಸುತ್ತೋಲೆ ಬಂದ ದಿನವೇ ಎಲ್ಲ ಹೈಸ್ಕೂಲುಗಳ ನೋಟಿಸ್ ಬೋರ್ಡಿಗೆ ಹಾಕಿಸಿ. ಏಪ್ರಿಲ್ ಒಳಗೆ ಮಕ್ಕಳ ಪಟ್ಟಿ ಮಾಡಿಸಿ. ಲ್ಯಾಬಿಗೆ ಕಳಿಸಿ. ಆಗಲ್ಲ ಅನ್ನುವುದಾದರೆ ಅದನ್ನಾದರೂ ಸಹಿ ಹಾಕಿ ಬರವಣಿಗೆಯಲ್ಲಿ ಕೊಡಿ.

ಇಂತಿ,
ಇಬ್ಬರು ಹೆಣ್ಣುಮಕ್ಕಳ ತಾಯಿ,
ಗೌರಿಬಿದನೂರು ತಾಲೂಕು, ಚಿಕ್ಕಬಳ್ಳಾಪುರ ಜಿಲ್ಲೆ