ಗ್ಯಾಸ್ಟ್ರಿಕ್ ಅಂದಿದ್ದನ್ನು ನಂಬದವರಿಗೆ

ಮೊನ್ನೆ ಮೈಸೂರಿಗೆ ಚೆಕಪ್‌ಗೆ ಹೋಗಿದ್ದೆ. ಡಾಕ್ಟರು ಹೊಸ ಇಸಿಜಿ ನೋಡಿದರು, ಹೃದಯದ ಸ್ಕ್ಯಾನ್ ಎಕೋ ನೋಡಿದರು, ಆಮೇಲೆ ಚೀಟಿಯಲ್ಲಿದ್ದ ಒಂದು ಮಾತ್ರೆಯ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. "ವರ್ಷ ಆಯ್ತಲ್ಲ, ಇದು ಇನ್ನು ಬೇಡ. ಆಸ್ಪಿರಿನ್ ಮಾತ್ರ ಬಿಡಬೇಡಿ" ಅಂದರು. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್, ಅಂದರೆ ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ, ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮಾತ್ರೆ ಎರಡು ಕೊಡುತ್ತಾರೆ. ಸಾಮಾನ್ಯವಾಗಿ ಒಂದು ವರ್ಷ ಅದನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ನಾನು ತಪ್ಪಿಸಲಿಲ್ಲ. ಅಥವಾ ನಿಜ ಹೇಳಬೇಕೆಂದರೆ, ತಪ್ಪಿಸಲು ಮನೆಯವರು ಬಿಡಲಿಲ್ಲ.

ಆ ಗೆರೆ ನೋಡಿಕೊಂಡು ಆಸ್ಪತ್ರೆಯ ಹೊರಗೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆಗಲೇ ಅನ್ನಿಸಿತು, ಕೆಲವರಿಗೆ ಇನ್ನೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿಲ್ಲ ಅಂತ. ಎದುರಿಗೆ ಹೇಳೋಕೆ ಹೋದರೆ "ಅಯ್ಯೋ ಬಿಡೋ" ಅಂತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯವನು. ವಯಸ್ಸು 42. ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತೇನೆ, ಹೆಚ್ಚಾಗಿ ಏರ್‌ಪೋರ್ಟ್ ಟ್ರಿಪ್. ಹೆಂಡತಿ, ಇಬ್ಬರು ಮಕ್ಕಳು, ಅಪ್ಪ, ಅವ್ವ ಎಲ್ಲ ಊರಿನಲ್ಲಿ. ಬೆಂಗಳೂರಿನ ಬಾಡಿಗೆ ಕಟ್ಟಿ ಸಂಸಾರ ಮಾಡಿದರೆ ಗಾಡಿ ಇಎಂಐ ಕಟ್ಟೋಕಾಗಲ್ಲ. ಹಾಗಾಗಿ ನಾವು ನಾಲ್ಕು ಜನ ಡ್ರೈವರ್‌ಗಳು ಸೇರಿ ಒಂದು ರೂಮ್ ಮಾಡಿಕೊಂಡಿದ್ದೆವು. ರೂಮಿಗೆ ಹೋಗುತ್ತಿದ್ದುದು ಸ್ನಾನಕ್ಕೆ ಮಾತ್ರ. ನಿದ್ದೆ ಸೀಟಿನಲ್ಲೇ. ತಂಗಿ ಮದುವೆ ಸಾಲ, ಬೋರ್‌ವೆಲ್ ಸಾಲ, ಮಗಳ ಸ್ಕೂಲ್ ಫೀಸ್, ಎಲ್ಲಕ್ಕೂ ಒಂದೇ ಸ್ಟೇರಿಂಗು. ದಿನಕ್ಕೆ ಇಷ್ಟು ಟ್ರಿಪ್ ಮುಗಿಸಿದರೆ ಇನ್ಸೆಂಟಿವ್ ಅಂತ ಆ್ಯಪ್ ಹೇಳುತ್ತೆ. ಇನ್ನೆರಡು ಟ್ರಿಪ್ ಬಾಕಿ ಇರುವಾಗ ಮಲಗೋಕೆ ಮನಸ್ಸು ಬರಲ್ಲ. ಹದಿನಾಲ್ಕು ತಾಸು, ಕೆಲವು ದಿನ ಹದಿನಾರು. ನಿದ್ದೆ ತಡೆಯೋಕೆ ಟೀ, ಟೀ ಜೊತೆ ಸಿಗರೇಟು. ನೀರು ಕುಡಿದರೆ ಊರೊಳಗೆ ಗಾಡಿ ನಿಲ್ಲಿಸಿ ಮೂತ್ರಕ್ಕೆ ಹೋಗೋಕೆ ಜಾಗ ಇರಲ್ಲ, ಹಾಗಾಗಿ ನೀರನ್ನೇ ಕಡಿಮೆ ಮಾಡಿದ್ದೆ. ಬೆಳಿಗ್ಗೆ ತುಂಬಿಸಿಕೊಂಡ ಒಂದು ಲೀಟರ್ ಬಾಟಲಿ ರಾತ್ರಿ ಅರ್ಧ ಉಳಿದಿರುತ್ತಿತ್ತು. ಇದನ್ನೆಲ್ಲ ಕಷ್ಟ ಅಂತ ಹೇಳುತ್ತಿಲ್ಲ. ಆಗ ಇದು ಜಾಣತನ ಅಂತಲೇ ಅಂದುಕೊಂಡಿದ್ದೆ.

ಕಳೆದ ವರ್ಷ ಫೆಬ್ರವರಿ ಕೊನೆಯಿಂದ ಎದೆ ಉರಿಯುತ್ತಿತ್ತು. ಪ್ಯಾಸೆಂಜರ್ ಲಗೇಜ್ ಎತ್ತಿ ನಾಲ್ಕು ಮೆಟ್ಟಿಲು ಹತ್ತಿದರೆ ಜಾಸ್ತಿ, ನಿಂತರೆ ಕಡಿಮೆ. ನಮ್ಮ ಕಡೆ ಗಂಡಸರಿಗೆ ಎದೆಯಲ್ಲಿ ಏನೇ ಆದರೂ ಅದಕ್ಕೆ ಒಂದೇ ಹೆಸರು, ಗ್ಯಾಸ್ಟ್ರಿಕ್. ಸೋಡಾ ಕುಡಿದೆ, ಮೆಡಿಕಲ್ ಶಾಪಿನಲ್ಲಿ ಗ್ಯಾಸ್ ಮಾತ್ರೆ ತಗೊಂಡೆ. ಒಂದು ಕ್ಲಿನಿಕ್‌ಗೆ ಹೋದಾಗ ಗ್ಯಾಸ್ಟ್ರಿಕ್ ಅಂತ ನಾನೇ ಹೇಳಿದೆ, ಅವರೂ ಅದಕ್ಕೇ ಇಂಜೆಕ್ಷನ್ ಹಾಕಿ ಕಳಿಸಿದರು. ಇಸಿಜಿ ಅವರು ಮಾಡಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಫೋನ್ ಮಾಡಿದಾಗ ಹೆಂಡತಿ "ಊಟ ಆಯ್ತಾ, ಹುಷಾರಾಗಿದ್ದೀರಾ" ಅಂತ ಕೇಳಿದರೆ "ಹೂಂ, ನನಗೇನಾಗುತ್ತೆ" ಅಂತಿದ್ದೆ. ಅಪ್ಪನ ಬಾಯಲ್ಲೂ ಜೀವಮಾನವಿಡೀ ಇದೇ ಮಾತು.

2025ರ ಯುಗಾದಿ ಮಾರ್ಚ್ 30ರ ಭಾನುವಾರ ಇತ್ತು. ಹಬ್ಬಕ್ಕೆ ಊರಿಗೆ ಹೋಗುವವರು ಜಾಸ್ತಿ, ಬಾಡಿಗೆ ಚೆನ್ನಾಗಿ ಸಿಗುತ್ತೆ. ಶುಕ್ರವಾರ ರಾತ್ರಿಯೆಲ್ಲ ಓಡಿಸಿ, ಶನಿವಾರ ಬೆಳಿಗ್ಗೆ ಪೀಣ್ಯದಲ್ಲಿ ಕೆಲಸ ಮಾಡುವ ಭಾಮೈದನನ್ನು ಹತ್ತಿಸಿಕೊಂಡು ಊರಿಗೆ ಹೊರಟೆ. ನೆಲಮಂಗಲ, ಕುಣಿಗಲ್ ದಾಟಿ ಯಡಿಯೂರಲ್ಲಿ ಇಡ್ಲಿ ತಿಂದೆವು. ಮತ್ತೆ ಸ್ಟೇರಿಂಗ್ ಹಿಡಿದೆ. ಸ್ವಲ್ಪ ದೂರ ಹೋದ ಮೇಲೆ ಎದೆ ಮೇಲೆ ಯಾರೋ ಮೂಟೆ ಇಟ್ಟ ಹಾಗಾಯಿತು. ದವಡೆ ಜೋಮು ಹಿಡಿದ ಹಾಗೆ. ಎಡಗೈ ಭಾರ. "ಇಡ್ಲಿ ಜೀರ್ಣ ಆಗಿಲ್ಲ ಕಣೋ, ಗ್ಯಾಸ್ಟ್ರಿಕ್" ಅಂದೆ.

ಭಾಮೈದ ನನ್ನ ಮುಖ ನೋಡಲಿಲ್ಲ, ಕುತ್ತಿಗೆ ನೋಡಿದ. ಎಸಿ ಹಾಕಿದ್ದೆ. ಆದರೂ ಬೆವರು ಹರಿದು ಕಾಲರ್ ಪೂರ್ತಿ ಒದ್ದೆಯಾಗಿತ್ತು. "ಭಾವ, ಗಾಡಿ ಸೈಡಿಗೆ ಹಾಕಿ" ಅಂದ. "ಇನ್ನೇನು ಊರು ಬಂತಲ್ಲ" ಅಂದೆ. ಆ ಹುಡುಗ ನನಗೆ ಎದುರು ಮಾತಾಡಿದವನೇ ಅಲ್ಲ. ಅವತ್ತು ಕೈ ಚಾಚಿ ಹಜಾರ್ಡ್ ಲೈಟ್ ಹಾಕಿ, "ಭಾವ, ನಿಲ್ಸಿ ಅಂದ್ರೆ ನಿಲ್ಸಿ" ಅಂತ ಕಿರುಚಿದ. ನಿಲ್ಲಿಸಿದೆ. ಅವನೇ ಓಡಿಸಿ ಹೆದ್ದಾರಿ ಪಕ್ಕದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ತಮ್ಮಾ, ಅವತ್ತು ಕಿರುಚಿದ್ದಕ್ಕೆ ನಿನಗೆ ಮೊದಲ ನಮಸ್ಕಾರ. ಆಮೇಲೆ ಹತ್ತು ಸಲ ಸಾರಿ ಕೇಳಿದೆಯಲ್ಲ, ಅದು ಮಾತ್ರ ದಂಡ.

ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಏನಾಯ್ತು ಅಂದರು. ಅಲ್ಲೂ ನಾನು ಗ್ಯಾಸ್ಟ್ರಿಕ್ ಅಂದೆ! "ಅದನ್ನ ಇಸಿಜಿ ಹೇಳಲಿ ಬಿಡಿ ಅಣ್ಣ, ಶರ್ಟ್ ಬಿಚ್ಚಿ" ಅಂದರು. ಆ ಒಂದು ಮಾತಿಗೆ ನಾನು ಸಾಯುವವರೆಗೂ ಋಣಿ. ಇಸಿಜಿ ತೆಗೆದರು, ಅದು ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಹೋಯಿತು, ಅಲ್ಲಿಂದ ಹೂಂ ಅಂದ ತಕ್ಷಣ ರಕ್ತನಾಳದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಹೊರಗೆ ಕೊಂಡರೆ ಸಾವಿರಗಟ್ಟಲೆ ಬೆಲೆ, ಅಲ್ಲಿ ಒಂದು ರೂಪಾಯಿ ಕೇಳಲಿಲ್ಲ. ಆ ಯೋಜನೆಗೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಅಂತ ಹೆಸರು. 2024ರಲ್ಲಿ ಶುರುವಾಗಿದ್ದು. 2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದಾಗ ಕಂಠೀರವ ಸ್ಟೇಡಿಯಂ ಮುಂದೆ ನಾನೂ ಸಾಲಿನಲ್ಲಿ ನಿಂತು ಅತ್ತವನು. 46 ವರ್ಷ, ಅಂಥಾ ಮೈಕಟ್ಟು, ಹಿಂಗಾಯ್ತಲ್ಲ ಅಂತ ಎಲ್ಲರಿಗೂ ಹೇಳಿದ್ದೆ. ನನ್ನ ಬಿಪಿ ಒಂದ್ಸಲ ನೋಡಿಸೋಣ ಅಂತ ಆಗಲೂ ಅನ್ನಿಸಿರಲಿಲ್ಲ.

108 ಆಂಬುಲೆನ್ಸ್‌ನಲ್ಲಿ ಮೈಸೂರಿನ ಜಯದೇವಕ್ಕೆ ಕಳಿಸಿದರು. ಯುಗಾದಿ ದಿನ, ಊರಲ್ಲಿ ಎಲ್ಲರೂ ಬೇವು ಬೆಲ್ಲ ತಿನ್ನುವ ಹೊತ್ತಿಗೆ, ನನ್ನ ಮಣಿಕಟ್ಟಿನಿಂದ ತಂತಿ ತೂರಿಸಿ ಹೃದಯದ ದೊಡ್ಡ ನಾಳಕ್ಕೆ ಸ್ಟೆಂಟ್ ಹಾಕಿದರು. ಬಿಪಿಎಲ್ ಕಾರ್ಡ್ ಇದ್ದಿದ್ದರಿಂದ ಆರೋಗ್ಯ ಕರ್ನಾಟಕದಲ್ಲಿ ಖರ್ಚು ನಡೆಯಿತು. ಹಬ್ಬದ ದಿನ ಮನೆ ಬಿಟ್ಟು ಡ್ಯೂಟಿಯಲ್ಲಿದ್ದ ಡಾಕ್ಟರು, ಸಿಸ್ಟರ್‌ಗಳು, ನನ್ನ ಸ್ಟ್ರೆಚರ್ ತಳ್ಳಿದ ಅಣ್ಣಂದಿರು, ನಿಮ್ಮ ಯಾರ ಹೆಸರೂ ನನಗೆ ಗೊತ್ತಿಲ್ಲ. ಈ ಸಲದ ಒಬ್ಬಟ್ಟು ತಿನ್ನುವಾಗ ನಿಮ್ಮನ್ನು ನೆನೆಸಿಕೊಂಡೆ.

ಇನ್ನು ಹೆಂಡತಿ ವಿಷಯ. ಇದು ಬರೆಯೋದು ಸ್ವಲ್ಪ ಕಷ್ಟ, ಅವಳು ಓದುತ್ತಾಳೆ.

ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಅವಳು ಊರಿಂದ ಮೈಸೂರಿಗೆ ಬಸ್ಸಿನಲ್ಲಿ ಬಂದು ಹೋದಳು. ಮಕ್ಕಳು ಚಿಕ್ಕವರು, ಹಸು ಕರೆಯಬೇಕು, ರಾತ್ರಿ ಉಳಿಯುವ ಹಾಗಿರಲಿಲ್ಲ. ಡಿಸ್ಚಾರ್ಜ್ ದಿನ ಪರ್ಸ್ ತೆಗೆದಾಗ ಹೆಂಗಸರ ಫ್ರೀ ಬಸ್ಸಿನ ಸೊನ್ನೆ ರೂಪಾಯಿ ಟಿಕೆಟ್‌ಗಳ ಒಂದು ಕಟ್ಟು ಕೆಳಗೆ ಬಿತ್ತು, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಳು. ಯಾಕೆ ಇಟ್ಕೊಂಡಿದ್ದೀಯ ಅಂದರೆ "ಗೊತ್ತಿಲ್ಲ, ಬಿಸಾಕೋಕೆ ಮನಸ್ಸಾಗ್ಲಿಲ್ಲ" ಅಂದಳು. ಹೆಂಗಸರಿಗೆ ಬಸ್ಸು ಫ್ರೀ ಮಾಡಿದಾಗ ಸ್ಟ್ಯಾಂಡಿನಲ್ಲಿ ಕೂತು ಜೋಕ್ ಮಾಡಿದವರಲ್ಲಿ ನಾನೂ ಒಬ್ಬ. ಗೃಹಲಕ್ಷ್ಮಿಯ ಎರಡು ಸಾವಿರ ಬಂದಾಗಲೂ "ಸೀರೆ ತಗೋ ಹೋಗು" ಅಂತ ರೇಗಿಸುತ್ತಿದ್ದೆ. ಅವಳು ಸೀರೆ ತಗೊಂಡಿರಲಿಲ್ಲ. ನಾನು ಕೂತು ತಿಂದ ಮೂರು ತಿಂಗಳು ಮನೆಯ ದಿನಸಿ, ನನ್ನ ಮಾತ್ರೆ ಎಲ್ಲ ಆ ದುಡ್ಡಿನಿಂದಲೇ ನಡೆಯಿತು.

ಅವಳು ಬೈದಿದ್ದು ಒಂದೇ ಸಲ. ಒಂದು ತಿಂಗಳಿಂದ ಉರಿ ಇತ್ತು ಅಂತ ನಾನು ಡಾಕ್ಟರ ಹತ್ತಿರ ಹೇಳುವಾಗ ಕೇಳಿಸಿಕೊಂಡಳು. ಹೊರಗೆ ಬಂದ ಮೇಲೆ, "ರೀ, ಪ್ಯಾಸೆಂಜರ್ ಎಲ್ಲಿದ್ದೀಯ ಅಂದ್ರೆ ಲೊಕೇಶನ್ ಕಳಿಸ್ತೀರ. ನಾನು ಹೆಂಗಿದ್ದೀರ ಅಂದ್ರೆ ಸುಳ್ಳು ಹೇಳ್ತೀರ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅವರಿಗೆ ಚಿಂತೆ ಕೊಡಬಾರದು ಅಂತ ಮುಚ್ಚಿಟ್ಟೆ ಅಂದುಕೊಂಡಿದ್ದೆ. ಯೋಚಿಸಿದರೆ, ರಜೆ ಹಾಕು ಅಂತ ಹೇಳಿಬಿಡುತ್ತಾಳೆ ಅನ್ನೋ ಹೆದರಿಕೆಯೇ ಜಾಸ್ತಿ ಇತ್ತು.

ಅಪ್ಪ ಆಸ್ಪತ್ರೆಗೆ ಬಂದಾಗ ಒಳಗೆ ಬರಲಿಲ್ಲ. ಬಾಗಿಲ ಹತ್ತಿರ ಹೆಗಲ ಮೇಲಿನ ಟವೆಲ್ ಹಿಂಡುತ್ತಾ ನಿಂತಿದ್ದ. ಒಂದು ವಾರ ಆದ ಮೇಲೆ ನಮ್ಮೂರ ಆಶಾ ಅಕ್ಕ ಮನೆಗೆ ಬಂದರು. ಮೂವತ್ತು ದಾಟಿದವರ ಬಿಪಿ, ಶುಗರ್ ನೋಡಿಸೋಕೆ ಅಂತ ಅವರು ಮೊದಲೂ ಬರುತ್ತಿದ್ದರಂತೆ. ಬಂದಾಗಲೆಲ್ಲ ಮನೆಯಲ್ಲಿ ಸಿಗುತ್ತಿದ್ದುದು ಹೆಂಗಸರೇ. ಅಪ್ಪ ತೋಟದಲ್ಲಿ, ನಾನು ಬೆಂಗಳೂರಲ್ಲಿ. ಆ ದಿನ ಅಪ್ಪ ತಾನಾಗೇ ಹೊರಟ, ಉಪಕೇಂದ್ರಕ್ಕೆ ಹೋಗಿ ತೋಳು ಚಾಚಿದ. 180ಕ್ಕೆ 110. ಎಷ್ಟು ವರ್ಷದಿಂದ ಇತ್ತೋ ಯಾರಿಗೆ ಗೊತ್ತು. ಈಗ ಬೆಳಿಗ್ಗೆ ನನ್ನ ಮಾತ್ರೆ, ಅವನ ಮಾತ್ರೆ ಎರಡನ್ನೂ ನನ್ನ ಮಗಳು ಒಂದೇ ತಟ್ಟೆಯಲ್ಲಿ ತಂದಿಡುತ್ತಾಳೆ. ನಾನು ಬೆಂಗಳೂರಲ್ಲಿದ್ದರೆ ವಿಡಿಯೋ ಕಾಲ್ ಮಾಡಿ ನುಂಗಿಸುತ್ತಾಳೆ. ಆಶಾ ಅಕ್ಕ, ನಿಮಗೆ ಅಪ್ಪನ ಪರವಾಗಿ ನಮಸ್ಕಾರ. ಅವನು ಹೇಳಲ್ಲ.

ಜುಲೈನಲ್ಲಿ ಚೆಕಪ್‌ಗೆ ಹೋದಾಗ ಜಯದೇವದಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಹಾಸನದಲ್ಲಿ ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಅಂತ ಟಿವಿಯಲ್ಲಿ ದಿನವಿಡೀ ಬರುತ್ತಿತ್ತು. ಜಿಲ್ಲೆಗೆ ಜಿಲ್ಲೆಯೇ ಹೆದರಿತ್ತು. ಆಮೇಲೆ ಸರ್ಕಾರದ ಸಮಿತಿ, ಸಾವು ಹಿಂದಿಗಿಂತ ವಿಪರೀತ ಏರಿಲ್ಲ ಅಂತ ಹೇಳಿತು. ಆದರೆ ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟು ಇದ್ದರು ಅನ್ನೋದೂ ಅದರಲ್ಲೇ ಬಂತು. ಅದನ್ನು ನಮ್ಮ ಸ್ಟ್ಯಾಂಡಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಆ ದಿನ ಯಾರೂ ಜೋಕ್ ಹಾಕಲಿಲ್ಲ.

ಸ್ಟ್ಯಾಂಡಿನವರ ಋಣ ದೊಡ್ಡದು. ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿ ಟ್ರಿಪ್ ಕಾಯುತ್ತಾ ಇಸ್ಪೀಟು ಆಡುವ ಗುಂಪು ಅದು. ಒಬ್ಬೊಬ್ಬರು ಐನೂರು, ಸಾವಿರ ಹಾಕಿ ಕಳಿಸಿದರು. ಅರಸೀಕೆರೆ ಗೆಳೆಯ ಒಬ್ಬನಿದ್ದಾನೆ, ಅವನದು ಬಾಡಿಗೆ ಗಾಡಿ. ಅದನ್ನು ಬಿಟ್ಟು ಮೂರು ತಿಂಗಳು ನನ್ನ ಗಾಡಿ ಓಡಿಸಿದ. ಮೊದಲು ನನ್ನ ಇಎಂಐ ಕಟ್ಟಿ, ಉಳಿದದ್ದರಲ್ಲಿ ಅರ್ಧ ನಮ್ಮ ಮನೆಗೆ ಹಾಕುತ್ತಿದ್ದ. ಒಂದು ತಿಂಗಳು ದುಡಿಮೆ ಕಮ್ಮಿಯಾಗಿ ಕೈಯಿಂದ ನಾಲ್ಕು ಸಾವಿರ ಸೇರಿಸಿದ್ದಾನೆ. ಅದು ಗೊತ್ತಾಗಿದ್ದು ಅವನ ಹೆಂಡತಿಯಿಂದ.

ಈಗ ನಾನು ದಿನಕ್ಕೆ ಹತ್ತು ತಾಸಿಗಿಂತ ಜಾಸ್ತಿ ಓಡಿಸಲ್ಲ. ದುಡಿಮೆ ಕಡಿಮೆಯಾಗಿದೆ, ಸುಳ್ಳು ಹೇಳಲ್ಲ. ಬೋರ್‌ವೆಲ್ ಸಾಲ ಇನ್ನೂ ಹಾಗೇ ಇದೆ. ಸಿಗರೇಟು ಬಿಟ್ಟೆ. ನೀರಿನ ಬಾಟಲಿ ಖಾಲಿಯಾಗುತ್ತೆ, ಪೆಟ್ರೋಲ್ ಬಂಕಿನ ಹುಡುಗರಿಗೆಲ್ಲ ನನ್ನ ಪರಿಚಯ ಆಗಿದೆ. ಈ ವರ್ಷದ ಹೊಸತೊಡಕಿಗೆ ನನ್ನ ಪಾಲಿಗೆ ಎರಡೇ ತುಂಡು ಮಟನ್. ಅವ್ವ ಕದ್ದು ಮೂರನೇದು ಹಾಕಿದಳು, ಅದು ಹೆಂಡತಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಡಿಕ್ಕಿಯಲ್ಲಿ ಒಂದು ಬಿಪಿ ಮಿಷನ್ ಇಟ್ಟುಕೊಂಡಿದ್ದೇನೆ. ಪಾರ್ಕಿಂಗ್‌ನಲ್ಲಿ ಇಸ್ಪೀಟಿನ ನಡುವೆ ಒಬ್ಬೊಬ್ಬರೇ ತೋಳು ಮಡಚಿಕೊಂಡು ಬರುತ್ತಾರೆ. ಆರು ಜನಕ್ಕೆ ಜಾಸ್ತಿ ಬಂತು, ಆರೂ ಜನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡಿದ್ದಾರೆ. ಬರದೇ ಇರುವವನು ಒಬ್ಬನೇ, ನಮ್ಮ ಅರಸೀಕೆರೆ ಗೆಳೆಯ. ನಾಲ್ಕು ಸಾವಿರ ಕೊಡೋಕೆ ಹೋದರೂ ಓಡುತ್ತಾನೆ, ಮಿಷನ್ ತೆಗೆದರೂ ಓಡುತ್ತಾನೆ. ಮೊನ್ನೆ ಕೇಳಿದರೆ "ನನಗೇನಾಗುತ್ತೆ ಮಾರಾಯ, ಸ್ವಲ್ಪ ಗ್ಯಾಸ್ಟ್ರಿಕ್ ಅಷ್ಟೆ" ಅಂದ.

ಲೋ, ದುಡ್ಡು ಬೇಡ ಅಂದರೆ ಬಿಡು. ಸೋಮವಾರ ಬೆಳಿಗ್ಗೆ ಆರಕ್ಕೆ ನಿನ್ನ ರೂಮಿನ ಮುಂದೆ ಗಾಡಿ ನಿಲ್ಲಿಸಿರುತ್ತೇನೆ. ಇಸಿಜಿಗೆ ಖಾಲಿ ಹೊಟ್ಟೆ ಏನೂ ಬೇಡವಂತೆ, ಟೀ ಕುಡಿದೇ ಹೋಗೋಣ.