ಬಾವುಟ ಬೀಸೋದಕ್ಕಲ್ಲ, ನಡೆಯೋದಕ್ಕೆ ಬನ್ನಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಹಸಿವು, ಬಡತನದ ವಿರುದ್ಧ ನಾವು ವರ್ಷಕ್ಕೊಮ್ಮೆ ಮಾಡುವ ನಡಿಗೆಗೆ ಈ ಸಲವೂ ನಿಮ್ಮನ್ನು ಕರೆಯಬೇಕು ಅಂತ ಸಮಿತಿಯಲ್ಲಿ ಮಾತು ಬಂತು. ಕರೆಯೋಣ, ಆದರೆ ಬೇರೆ ಥರ ಕರೆಯೋಣ ಅಂದೆ. ಅದಕ್ಕೇ ಈ ಪತ್ರ. ಎಲ್ಲರೆದುರು ಯಾಕೆ ಬರೆದೆ ಅಂದರೆ, ನಿಮ್ಮ ಉತ್ತರ ನಡೆಯುವವರಿಗೂ ಬೇಕು, ಅವರನ್ನು ನಂಬಿ ದುಡ್ಡು ಕೊಡುವವರಿಗೂ ಬೇಕು.

ಒಂದು ನಡಿಗೆಗೆ ಬಂದಿದ್ದ ಗಣ್ಯರೊಬ್ಬರು ತಡವಾಗಿ ಬಂದು, ಬಾವುಟ ಬೀಸಿ, ಹತ್ತು ಹೆಜ್ಜೆ ಹಾಕಿ, ಕಾರು ಹತ್ತಿದರು. ಅವರಿಗಾಗಿ ಮಕ್ಕಳು, ವಯಸ್ಸಾದವರು ಬಿಸಿಲೇರುವ ತನಕ ಕಾದಿದ್ದರು. ಮರುದಿನ ಸುದ್ದಿಯಲ್ಲಿ ಬಂದದ್ದು ಆ ಹತ್ತು ಹೆಜ್ಜೆ ಮಾತ್ರ. ಪೂರ್ತಿ ದೂರ ನಡೆದವರ ಸುದ್ದಿಯೇ ಇಲ್ಲ. ಇದು ಯಾರಿಗೂ ಹೊಸದಲ್ಲ, ಅಲ್ವಾ?

ನಡಿಗೆಯ ಲೆಕ್ಕ ಸರಳ. ನಡೆಯುವವರ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಅದರಲ್ಲಿ ನೆಂಟರು, ಅಕ್ಕಪಕ್ಕದವರು, ಜೊತೆಯಲ್ಲಿ ಕೆಲಸ ಮಾಡುವವರು ‘ಕಿಲೋಮೀಟರಿಗೆ ಇಷ್ಟು’ ಅಂತ ಬರೆದು ಸಹಿ ಹಾಕುತ್ತಾರೆ. ಎಷ್ಟು ದೂರ ನಡೆದರು ಅನ್ನೋದಕ್ಕೆ ಗುರುತಾಗಿ ದಾರಿಯ ನಡುವೆ ಮುದ್ರೆ ಒತ್ತಿಸಿಕೊಳ್ಳಬೇಕು. ನಡೆದಷ್ಟು ದೂರಕ್ಕೆ ಆಮೇಲೆ ದುಡ್ಡು ವಸೂಲಿ, ಅದು ಹಸಿದವರ ಊಟಕ್ಕೆ. ನಮ್ಮಲ್ಲೊಬ್ಬರು ಅಜ್ಜಿ ಇದ್ದಾರೆ. ಇವರೆಲ್ಲಿ ನಡೆಯುತ್ತಾರೆ ಅಂದುಕೊಂಡು ಪಕ್ಕದ ಮನೆಯವರು ಧಾರಾಳವಾಗಿ ಬರೆದುಕೊಟ್ಟಿದ್ದರು. ಅಜ್ಜಿ ಕೋಲೂರಿಕೊಂಡು ಎಲ್ಲ ಮುದ್ರೆ ಒತ್ತಿಸಿಕೊಂಡು ಬಂದರು. ಬೆವರಿಗೆ ಶಾಯಿ ಹರಡಿದ ಆ ಹಾಳೆ ಹಿಡಿದು ಅವತ್ತು ಸಂಜೆಯೇ ವಸೂಲಿಗೂ ಹೋದರು! ಅವರು ನಡೆದು ಗುರಿ ಮುಟ್ಟುವ ಹೊತ್ತಿಗೆ ವೇದಿಕೆ ಬಿಚ್ಚಿ ಲಾರಿಗೆ ತುಂಬಿಸಿ ಆಗಿತ್ತು. ಅದು ಬೇರೆ ಮಾತು.

ಈ ಪದ್ಧತಿ ನಮ್ಮ ತಲೆಯಿಂದ ಹೊಳೆದದ್ದಲ್ಲ. 1960ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಸಿವಿನ ವಿರುದ್ಧ ಜಗತ್ತಿನಾದ್ಯಂತ ಒಂದು ಅಭಿಯಾನ ಶುರುಮಾಡಿತು. ಆಗ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಭಾರತದ ಬಿನಯ್ ರಂಜನ್ ಸೇನ್. ಆ ದಶಕ ಮುಗಿಯುವ ಹೊತ್ತಿಗೆ ಹಲವು ದೇಶಗಳಲ್ಲಿ ಜನ ಹಸಿವಿನ ಹೆಸರಲ್ಲಿ ರಸ್ತೆಗಿಳಿದು ನಡೆಯುತ್ತಿದ್ದರು. 1969ರಲ್ಲಿ ಅಮೆರಿಕದ ಬಿಸ್ಮಾರ್ಕ್‌ನಲ್ಲಿ ಶುರುವಾದ, ಚರ್ಚುಗಳ ಸೇವಾ ಸಂಸ್ಥೆಯೊಂದರ ‘ಕ್ರಾಪ್’ ನಡಿಗೆ, ಅದೇ ವರ್ಷ ಬಾಸ್ಟನ್‌ನಲ್ಲಿ ಶುರುವಾದ ನಡಿಗೆ, ಎರಡೂ ಬಹಳ ಕಾಲ ನಡೆದುಕೊಂಡು ಬಂದವು. ಕ್ರಾಪ್ ನಡಿಗೆಯಲ್ಲಿ ನನಗೆ ಇಷ್ಟವಾದ ಒಂದು ನಿಯಮ ಇದೆ. ಕೂಡಿದ ದುಡ್ಡಿನಲ್ಲಿ ನಾಲ್ಕನೇ ಒಂದು ಭಾಗ ನಡೆದವರ ಊರಿನ ಹಸಿದವರಿಗೇ ಹೋಗುತ್ತದೆ, ಉಳಿದದ್ದು ಹೊರಗಿನ ಕೆಲಸಕ್ಕೆ. ಕೊಡುವವರಿಗೆ ಇದು ಮೊದಲೇ ಗೊತ್ತಿರುತ್ತದೆ.

ಎಷ್ಟೋ ನಡಿಗೆಗಳಲ್ಲಿ ಈ ಸ್ಪಷ್ಟತೆಯೇ ಇರುವುದಿಲ್ಲ. ಎಲ್ಲರಿಗೂ ಹೊಸ ಟೀ ಶರ್ಟ್, ದೊಡ್ಡ ವೇದಿಕೆ, ಮೈಕು, ಹಾರ, ನೆನಪಿನ ಕಾಣಿಕೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಗಣ್ಯರು ಬರುತ್ತಾರೆ ಅಂದ ಕೂಡಲೇ ಈ ಖರ್ಚು ಜಾಸ್ತಿಯಾಗುತ್ತದೆ. ನೀವು ಸುಮ್ನೆ ಒಂದು ಬಾಟಲಿ ನೀರು ಹಿಡಿದು ಬಂದರೆ ಅದರಲ್ಲಿ ಅರ್ಧ ತಾನಾಗಿಯೇ ನಿಂತುಹೋಗುತ್ತದೆ. ನಮ್ಮ ಖರ್ಚಿನ ಪಟ್ಟಿಯನ್ನು ನಾವು ಬಹಿರಂಗ ಮಾಡುತ್ತೇವೆ, ಪೈಸೆ ಪೈಸೆಯನ್ನೂ. ರಸ್ತೆ ಬಳಸೋಕೆ, ಮೈದಾನ ಬಳಸೋಕೆ ಕೇಳುವ ಶುಲ್ಕ, ಠೇವಣಿ ಇದೆಯಲ್ಲ, ಅದನ್ನು ಮನ್ನಾ ಮಾಡಿಸುವುದು ನಿಮ್ಮಿಂದ ಆಗುವ ಕೆಲಸ. ಹಸಿದವರಿಗೆ ಅಂತ ಕೂಡಿಸಿದ ದುಡ್ಡು ಮತ್ತೆ ಸರ್ಕಾರದ ಖಜಾನೆಗೇ ಹೋಗುವುದರಲ್ಲಿ ಏನು ಅರ್ಥ?

ಇನ್ನೊಂದು ಮಾತು, ಇದೇ ಮುಖ್ಯ. ವೇದಿಕೆ ಮೇಲೆ ನಿಂತು ‘ಜನರೇ ಮುಂದೆ ಬಂದು ಹಸಿವು ನೀಗಿಸುತ್ತಿದ್ದಾರೆ’ ಅಂತ ದಯವಿಟ್ಟು ಹೊಗಳಬೇಡಿ. ಅದು ನಿಜ ಅಲ್ಲ. ನಮ್ಮ ನಡಿಗೆಯಿಂದ ಒಂದಷ್ಟು ಮನೆಗಳಿಗೆ ಒಂದಷ್ಟು ವಾರ ಊಟ ಸಿಗುತ್ತದೆ, ಅಷ್ಟೇ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನಲ್ಲಿ ಸುಮಾರು 67 ಕೋಟಿ ಜನ ಹಸಿವಿನಲ್ಲಿದ್ದರು, ಅಂದರೆ ಹನ್ನೆರಡು ಜನರಲ್ಲಿ ಒಬ್ಬರು. ಪೌಷ್ಟಿಕ ಊಟ ಕೊಳ್ಳುವ ಶಕ್ತಿಯೇ ಇಲ್ಲದವರು ಸುಮಾರು 260 ಕೋಟಿ. ಅಂಗಡಿಯಲ್ಲಿ ಆಹಾರ ಇದೆ, ಇವರ ಕೈಯಲ್ಲಿ ದುಡ್ಡಿಲ್ಲ. ನಾವು ಆಹಾರ ಹಂಚುವ ಸಾಲಿನಲ್ಲೂ ಕಾಣುವುದು ಇದನ್ನೇ. ಅಲ್ಲಿ ನಿಲ್ಲುವವರು ಸೋಮಾರಿಗಳಲ್ಲ, ಬಹಳಷ್ಟು ಮಂದಿ ಕೆಲಸ ಮುಗಿಸಿ ನೇರವಾಗಿ ಬಂದವರು. ಕೂಲಿ ಬಾಡಿಗೆಗೆ ಸರಿಹೋಗುತ್ತದೆ, ಔಷಧಿಗೆ ಸಾಲ, ಊಟಕ್ಕೆ ಸಾಲು. ಇದನ್ನು ನಡೆದು ಸರಿಮಾಡೋಕೆ ನಮ್ಮಿಂದ ಆಗಲ್ಲ. ಕನಿಷ್ಠ ಕೂಲಿ, ಶಾಲೆಯ ಊಟ, ಹೊತ್ತಿಗೆ ಸರಿಯಾಗಿ ಸಿಗಬೇಕಾದ ಪಿಂಚಣಿ, ಇವೆಲ್ಲ ನೀವು ಕೂರುವ ಸದನದಲ್ಲಿ ತೀರ್ಮಾನ ಆಗುವ ವಿಷಯಗಳು.

ಹಾಗಾಗಿ ಭಾಷಣ ಬೇಡ. ಪೂರ್ತಿ ದೂರ ನಡೆಯಿರಿ. ಆಮೇಲೆ ಒಂದು ಗಂಟೆ ಆ ಸಾಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಅವರ ಮಾತು ಕೇಳಿ, ಕ್ಯಾಮೆರಾ ಇಲ್ಲದೆ. ಕೇಳಿದ್ದರಲ್ಲಿ ಒಂದನ್ನಾದರೂ ಮುಂದಿನ ಅಧಿವೇಶನದಲ್ಲಿ ಪ್ರಶ್ನೆಯಾಗಿ ಎತ್ತಿ.

ಅಕ್ಟೋಬರ್ 16 ವಿಶ್ವ ಆಹಾರ ದಿನ. ಅದರ ಮರುದಿನ ಬಡತನ ನಿರ್ಮೂಲನೆಯ ದಿನ. ಆ ವಾರದ ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ, ಯಾರಿಗೂ ಕಾಯುವುದಿಲ್ಲ. ಶುಲ್ಕ ಮನ್ನಾದ ಅರ್ಜಿ ನಿಮ್ಮ ಕಚೇರಿಯಲ್ಲಿದೆ. ಬರುತ್ತೀರಾ ಇಲ್ಲವಾ ಅಂತ ಒಂದು ತಿಂಗಳು ಮೊದಲೇ ತಿಳಿಸಿ. ಬರುವುದಾದರೆ ನಿಮ್ಮ ಹೆಸರಿನ ಒಂದು ಹಾಳೆ ತೆಗೆದಿಡುತ್ತೇವೆ. ಕಿಲೋಮೀಟರಿಗೆ ಇಷ್ಟು ಅಂತ ಬರೆಯೋಕೆ ಜನ ಈಗಲೇ ತಯಾರಿದ್ದಾರೆ.

ಇಂತಿ,
ನಡಿಗೆ ಸಮಿತಿಯ ಒಬ್ಬ ಸದಸ್ಯ