ಮಲ್ಲೂ, ಕತ್ತಲೆಯ ಪುಸ್ತಕ ಕಳಿಸುತ್ತಿದ್ದೇನೆ

ಸುಭಾಸ ರಸ್ತೆ, ಧಾರವಾಡ

ಪ್ರೀತಿಯ ಮಲ್ಲೂ,

ನಿನ್ನ ಮೆಸೇಜು ಮೂರು ಸಲ ಓದಿದೆ. ‘ಅವ್ವ ಹೋದಾಗಿಂದ ಬಂದವರೆಲ್ಲ ಸಮಾಧಾನದ ಪುಸ್ತಕ ಕೊಟ್ಟು ಹೋಗ್ಯಾರ. ಒಂದೂ ಓದಾಕ ಆಗವಲ್ದು. ನಿನ್ನ ಅಂಗಡ್ಯಾಗ ಕತ್ತಲಿ ಇರೋ ಪುಸ್ತಕ ಇದ್ರ ಕಳಸು’ ಅಂತ ಬರೆದಿದ್ದೀಯ. ಇಷ್ಟು ವರ್ಷ ಪುಸ್ತಕ ಮಾರಿದ್ದೇನೆ, ಹೀಗೆ ನೇರವಾಗಿ ಕೇಳಿದವರು ಕಡಿಮೆ. ನಿನ್ನೆ ಸಂಜೆ ನಾಲ್ಕು ಪುಸ್ತಕ ತೆಗೆದು ಗಲ್ಲಾದ ಪಕ್ಕ ಇಟ್ಟೆ. ರಾತ್ರಿ ಬಾಗಿಲು ಹಾಕುವಾಗ ಒಂದನ್ನು ವಾಪಸ್ ಕಪಾಟಿಗೆ ಇಟ್ಟೆ.

ಮೊದಲು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದು. ತೆಳ್ಳನೆಯ ಪುಸ್ತಕ, ಒಂದೇ ಕೂತಲ್ಲಿ ಮುಗಿಯುತ್ತದೆ. ಗಾಳಿಪಟದ ದಾರ ಗಂಟುಗಂಟಾಗಿ ಬಿಡಿಸಲು ಬಾರದಿದ್ದಾಗ ಮಕ್ಕಳು ಹುಟ್ಟಿಸಿಕೊಂಡ ಮಾತು ಅದು. ಬೆಂಗಳೂರಿನ ಒಂದು ಮನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ದುಡ್ಡು ಬರುತ್ತದೆ. ಅದಕ್ಕೂ ಮೊದಲು, ಹಳೇ ಮನೆಯಲ್ಲಿ, ಇರುವೆಗಳ ಕಾಟ. ಮನೆಯವರೆಲ್ಲ ಸೇರಿ ಇರುವೆ ಹೊಸಕುವುದನ್ನು ಓದುವಾಗ ನಗು ಬರುತ್ತದೆ. ಪುಸ್ತಕ ಮುಗಿಯುವ ಹೊತ್ತಿಗೆ ಆ ಬೆರಳುಗಳೇ ನೆನಪಾಗಿ ಮೈ ಜುಂ ಅನ್ನುತ್ತದೆ. ಕೊನೆಗೆ ಏನಾಯಿತು ಅಂತ ಲೇಖಕರು ಬಾಯಿಬಿಟ್ಟು ಹೇಳುವುದೇ ಇಲ್ಲ. ಒಬ್ಬ ಅಕ್ಕ ಓದಿ ಬಂದು, ‘ನಮ್ಮನಿ ಅಡಗಿಮನ್ಯಾಗ ಕುಂತು ಬರದಂಗ ಐತ್ರಿ’ ಅಂದರು. ಹಣ ಕೊಟ್ಟು ಇನ್ನೂ ಎರಡು ಪ್ರತಿ ಒಯ್ದರು.

ಎರಡನೆಯದು ಬಾನು ಮುಷ್ತಾಕ್ ಅವರ ಕತೆಗಳು. 2025ರಲ್ಲಿ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಆ ವಾರ ಅಂಗಡಿಗೆ ಬಂದವರೆಲ್ಲ ಕೇಳಿದ್ದು ಅದೊಂದನ್ನೇ. ನೀನು ‘ಎದೆಯ ಹಣತೆ’ ಕತೆ ಓದು. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ತವರಿಗೆ ಬಂದ ಹೆಂಡತಿಯನ್ನು ಅಣ್ಣತಮ್ಮಂದಿರೇ ವಾಪಸ್ ಬಿಟ್ಟು ಬರುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಕ್ಯಾನಿಗೆ ಕೈ ಹಾಕುತ್ತಾಳೆ. ಮುಂದಿನದು ನಾನು ಹೇಳುವುದಿಲ್ಲ. ಅಲ್ಲಿ ಒಂದು ಮಗಳು ಬರುತ್ತಾಳೆ, ಅಷ್ಟೇ ಹೇಳುತ್ತೇನೆ. ಆ ಪುಟ ಓದಿದಾಗ ಗಿರಾಕಿ ಎದುರಿಗಿದ್ದರೂ ನನಗೆ ತಲೆ ಎತ್ತಲು ಆಗಲಿಲ್ಲ.

ಮೂರನೆಯದು ಪದ್ಯ. ರಾಯಚೂರು ಕಡೆಯ ಆರಿಫ್ ರಾಜಾ ಅವರ ‘ಜಂಗಮ ಫಕೀರನ ಜೋಳಿಗೆ’. ದಿನಕ್ಕೆ ಒಂದೇ ಪದ್ಯ ಓದು, ಜಾಸ್ತಿ ಬೇಡ.

ಕಪಾಟಿಗೆ ವಾಪಸ್ ಹೋದದ್ದು ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿ. 1979ರದು, ಆದರೂ ಇವತ್ತಿನ ಆಫೀಸಿನವರು ಓದಿದರೆ ಬೆವರುತ್ತಾರೆ. ಮುಂಬೈಯಲ್ಲಿ ನಾಗಪ್ಪನಿಗೆ ಕೆಲಸದ ಜಾಗದಲ್ಲೇ ಬಲೆ ಬೀಳುತ್ತದೆ. ಯಾರನ್ನು ನಂಬಬೇಕೋ ತಿಳಿಯುವುದಿಲ್ಲ. ನನ್ನ ಕಪಾಟಿನಲ್ಲಿ ಅದಕ್ಕಿಂತ ದೊಡ್ಡ ಕತ್ತಲೆ ಇಲ್ಲ. ಆದರೆ ನಿನಗೆ ರಾತ್ರಿ ನಿದ್ದೆ ಇಲ್ಲ ಅಂತ ತಂಗಿ ಫೋನಿನಲ್ಲಿ ಹೇಳಿದಳು. ನಿದ್ದೆ ಇಲ್ಲದವನ ಕೈಗೆ ಅದನ್ನು ಕೊಡಲು ನನಗೆ ಮನಸ್ಸಾಗಲಿಲ್ಲ. ದೀಪಾವಳಿ ಆದ ಮೇಲೆ ಕೇಳು, ಕೊಡುತ್ತೇನೆ.

ಅದರ ಬದಲು ಒಂದು ಹಾಳೆ ಇಟ್ಟಿದ್ದೇನೆ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಪದ್ಯ, ನಾನೇ ಕೈಯಲ್ಲಿ ಬರೆದದ್ದು. ಹೊಸದಲ್ಲ, ನಿನಗೆ ಬಾಯಿಪಾಠ ಇದೆ, ಗೊತ್ತು. ಆದರೆ ಕಾಲೇಜಿನಲ್ಲಿ ನಾವದನ್ನು ಸುಮ್ನೆ ಹಾಡಿಕೊಂಡು ತಿರುಗಿದೆವು. ಕೂಸು ಹೋಗಿದೆ, ಹೆಂಡತಿ ಗಂಡನ ಮುಖ ನೋಡುತ್ತಾಳೆ, ಅವನ ಹತ್ತಿರ ಉತ್ತರ ಇಲ್ಲ. ಸಮಾಧಾನದ ಒಂದು ಮಾತನ್ನೂ ಬೇಂದ್ರೆ ಅಲ್ಲಿ ಹೇಳುವುದಿಲ್ಲ, ಅಲ್ವಾ? ನೀನು ಕೇಳಿದ್ದು ಅದನ್ನೇ ಅನ್ನಿಸಿತು.

ಬರೆದು ಮುಗಿಸುವಾಗ ನಿಮ್ಮವ್ವ ನೆನಪಾದರು. ನಮ್ಮ ರೂಮಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಳಿಸುವಾಗ ಗಂಟಿನ ಮೇಲೆ ಇನ್ನೊಂದು ಗಂಟು ಹಾಕುತ್ತಿದ್ದರು. ಬಿಚ್ಚಲು ಹಲ್ಲೇ ಬೇಕಾಗುತ್ತಿತ್ತು. ಈ ಪಾರ್ಸಲ್ಲಿಗೂ ಹಾಗೇ ಕಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹಾವೇರಿ ಬಸ್ಸಿಗೆ ಹಾಕುತ್ತೇನೆ, ಸ್ಟ್ಯಾಂಡಿಗೆ ಬಂದು ತಗೋ.

ನಿನ್ನ,
ಶಿವು